ಮಾಟುಂಗಾದ ರಾಮ ನಾಯಕ್ ಬೋರ್ಡಿಂಗ್: ಕಷ್ಟದ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಒಂದು ಊಟ

ಮಾಟುಂಗಾ ಈಸ್ಟಲ್ಲಿ, ಸ್ಟೇಷನ್ ಇಳಿದ್ರೆ ಹತ್ರದಲ್ಲೇ ಇರೋ ಎ. ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗಿಗೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ರುಚಿ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, 1942ರಿಂದ ನಡೀತಿರೋ ಜಾಗ, ಮುಂಬೈ ಕನ್ನಡದವ್ರಿಗೆ ನಾನು ಹೊಸದಾಗಿ ಪರಿಚಯ ಮಾಡ್ಕೊಡೋ ಅಂಥದ್ದೇನೂ ಇಲ್ಲ. ನಾನು ಬರೀತಿರೋದು ಮನೇಲಿ ಯಾರಿಗೋ ದೊಡ್ಡ ಕಾಯಿಲೆ ಬಂದು ದಿನಾ ಪರೇಲ್ ಕಡೆ ಆಸ್ಪತ್ರೆಗೆ ಓಡಾಡ್ತಿರೋರಿಗೆ, ಕೆಲಸ ಕಳ್ಕೊಂಡು ಮನೇಲಿ ಹೇಗೆ ಹೇಳೋದು ಅಂತ ಲೋಕಲ್ಲಲ್ಲಿ ಸುಮ್ನೆ ಆ ಕಡೆ ಈ ಕಡೆ ಹೋಗ್ತಿರೋರಿಗೆ, ಹತ್ತಿರದವ್ರು ತೀರಿಹೋಗಿ ಅಡುಗೆಮನೆ ಕಡೆ ಕಾಲಿಡೋಕೇ ಮನಸ್ಸಾಗ್ದೆ ಇರೋರಿಗೆ. ಅಂಥ ದಿನಗಳಲ್ಲಿ ಈ ಬೋರ್ಡಿಂಗ್ ಎಂಥ ಆಸರೆ ಆಗುತ್ತೆ ಅನ್ನೋದನ್ನ ನಾನು ಅನುಭವಿಸಿ ನೋಡಿದೀನಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರು ಇಷ್ಟು ತಿಳ್ಕೊಂಡ್ರೆ ಸಾಕು, ಹೊತ್ತಿಗೆ ಸರಿಯಾಗಿ ಹೋಗಿ, ಕೂಪನ್ ತಗೊಂಡು ಕೂತ್ಕೊಳ್ಳಿ, ಮಿಕ್ಕಿದ್ದು ಅವ್ರು ನೋಡ್ಕೋತಾರೆ.

ನಮ್ಮೂರು ತುಮಕೂರು ಹತ್ರ, ಮದುವೆಯಾದ ಮೇಲೆ ಡೊಂಬಿವ್ಲಿ. ಅಪ್ಪಂಗೆ ಗಂಟಲಲ್ಲಿ ಗಡ್ಡೆ ಇದೆ ಅಂತ ಗೊತ್ತಾದಾಗ ನಾನು ಇಲ್ಲಿರೋದ್ರಿಂದ ಇಲ್ಲಿಗೇ ಕರ್ಕೊಂಡ್ಬಂದ್ವಿ. ರೇಡಿಯೇಷನ್ ಅಂದ್ರೆ ಸೋಮವಾರದಿಂದ ಶುಕ್ರವಾರದವರೆಗೂ ದಿನಾ ಹೋಗ್ಬೇಕು, ಹೀಗೇ ವಾರಗಟ್ಟಲೆ, ಮೆಷಿನ್ ಕೆಳಗೆ ಮಲಗಿರೋದು ಕೆಲವೇ ನಿಮಿಷ ಆದ್ರೂ ಅದಕ್ಕೆ ಮುಂಚೆ ಹಿಂದೆ ಕಾಯೋದ್ರಲ್ಲೇ ಅರ್ಧ ದಿನ ಕಳೆದುಹೋಗುತ್ತೆ. ಪೇಷಂಟಿಗೆ ಏನು ಕೊಡಬೇಕು ಏನು ಕೊಡಬಾರದು ಅಂತ ಹೇಳೋಕೆ ಡಾಕ್ಟ್ರು, ಡಯಟೀಷಿಯನ್ ಎಲ್ಲಾ ಇರ್ತಾರೆ. ಜೊತೇಲಿ ಬಂದವ್ರು ಏನು ತಿಂದ್ರು ಅಂತ ಯಾರೂ ಕೇಳಲ್ಲ, ಅವ್ರೇ ಕೇಳ್ಕೊಳ್ಳಲ್ಲ. ಆ ಹಾಲಲ್ಲಿ ಕೂತಿರೋ ಎಲ್ಲರ ಕೈಯಲ್ಲೂ ಒಂದು ಫೈಲು, ಒಂದು ನೀರಿನ ಬಾಟ್ಲಿ, ಮಧ್ಯಾಹ್ನ ಮೂರಕ್ಕೆ ಹೊರಗಡೆ ನಿಂತ್ಕೊಂಡೇ ಒಂದು ವಡಾಪಾವ್, ಅದೂ ಅರ್ಧ, ಆಮೇಲೆ ಚಾ, ಮತ್ತೆ ಚಾ. ಅಪ್ಪ ಒಂದು ತುತ್ತು ನುಂಗೋಕೆ ಕಣ್ಣಲ್ಲಿ ನೀರು ಹಾಕ್ಕೋತಿರೋವಾಗ ಮಗಳು ಹೋಗಿ ಹೊಟ್ಟೆ ತುಂಬ ಊಟ ಮಾಡೋದು ಅಂದ್ರೆ ಮನಸ್ಸು ಒಪ್ಪಲ್ಲ, ಅದು ನನಗೊಬ್ಬಳಿಗಲ್ಲ, ಅಲ್ಲಿ ನಾನು ಮಾತಾಡಿಸಿದ ಎಲ್ಲರಿಗೂ ಹಾಗೇ ಇತ್ತು.

ಕುಂದಾಪುರದ ಕಡೆಯ ಹಿರಿಯರೊಬ್ರು ಹೆಂಡತಿ ಟ್ರೀಟ್‌ಮೆಂಟಿಗೆ ಅಂತ ಬರ್ತಿದ್ರು, ದಿನಾ ಎದುರಿನ ಸಾಲಲ್ಲೇ ಕೂರ್ತಿದ್ರು. ಒಂದಿನ ನನ್ನ ಮುಖ ನೋಡಿ ಎದ್ದು ಬಂದು, "ಹೋಯಿ ಉಂಡ್ಕಂಡ್ ಬನ್ನಿ, ಅಪ್ಪಯ್ಯನ ಹತ್ರ ನಾನ್ ಇರ್ತೆ" ಅಂದ್ರು. ಬೇಡ ಅಂದ್ರೂ ಕೇಳ್ಲಿಲ್ಲ. ಪರೇಲಲ್ಲಿ ಸ್ಲೋ ಲೋಕಲ್ ಹತ್ತಿದ್ರೆ ದಾದರ್ ಆದ್ಮೇಲೆ ಮುಂದಿಂದೇ ಮಾಟುಂಗಾ, ಫಾಸ್ಟ್ ಹತ್ತಬೇಡಿ ಅದು ಅಲ್ಲಿ ನಿಲ್ಲಲ್ಲ, ಇಳಿದು ಈಸ್ಟ್ ಕಡೆ ಬಂದು ರಾಮ ನಾಯಕ್ ಅಂತ ಯಾರನ್ನ ಕೇಳಿದ್ರೂ ತೋರಿಸ್ತಾರೆ, ಹಿಂಗೆಲ್ಲಾ ಬಿಡಿಸಿ ಬಿಡಿಸಿ ಹೇಳಿ ಕಳಿಸಿದ್ರು. ಅವ್ರು ತಮ್ಮ ಊಟಾನೂ ಅಲ್ಲೇ ಮಾಡ್ತಿದ್ರಂತೆ, ಹೆಂಡತೀನ ಮಗ ನೋಡ್ಕೊಳ್ಳೋ ಹೊತ್ತಲ್ಲಿ. ಆಮೇಲಿಂದ ನಾವಿಬ್ರೂ ಪಾಳಿ ಮಾಡ್ಕೊಂಡ್ವಿ. ಒಬ್ರು ಹೋದಾಗ ಇನ್ನೊಬ್ರು ಇಬ್ರು ಪೇಷಂಟನ್ನೂ ನೋಡ್ಕೊಳ್ಳೋದು, ಟೋಕನ್ ನಂಬರ್ ಕೂಗಿದ್ರೆ ಫೋನ್ ಮಾಡೋದು. ಆಸ್ಪತ್ರೇಲಿ ಇರೋರಿಗೆ ನಾನು ಮೊದಲು ಹೇಳೋದು ಇದನ್ನೇ, ಪಕ್ಕದಲ್ಲಿ ಕೂತಿರೋರನ್ನ ಮಾತಾಡಿಸಿ ಹಿಂಗೆ ಒಂದು ಪಾಳಿ ಮಾಡ್ಕೊಳ್ಳಿ, ಅದಿಲ್ದೆ ಇದ್ರೆ ಹೊತ್ತಿಗೆ ಊಟ ಅನ್ನೋದು ಬರೀ ಮಾತಲ್ಲೇ ಉಳಿಯುತ್ತೆ.

ಜಾಗದ ವಿಷಯಕ್ಕೆ ಬರ್ತೀನಿ. ಬೋರ್ಡಿಂಗ್ ಇರೋದು ಮೊದಲನೇ ಮಹಡೀಲಿ. ಕೌಂಟರಲ್ಲಿ ಮೊದಲೇ ದುಡ್ಡು ಕೊಟ್ಟು ಕೂಪನ್ ತಗೋಬೇಕು, ರೇಟು ಆಗಾಗ ಬದಲಾಗ್ತಿರುತ್ತೆ, ಅದಕ್ಕೆ ಇಲ್ಲಿ ಬರೆಯಲ್ಲ, ಅಲ್ಲೇ ನೋಡ್ಕೊಳ್ಳಿ. ಎರಡು ಥರ ಊಟ ಇದೆ, ಲಿಮಿಟೆಡ್ ಪ್ಲೇಟ್ ಒಂದು, ಬಾಳೆ ಎಲೆ ಮೇಲೆ ಬೇಕಾದಷ್ಟು ಬಡಿಸೋದು ಇನ್ನೊಂದು. ಹಸಿವೇ ಇಲ್ಲ ಅನ್ನೋ ದಿನ ಪ್ಲೇಟ್ ಸಾಕು ಅಂತ ನಿಮಗನ್ನಿಸುತ್ತೆ, ಆದ್ರೂ ಎಲೆ ಊಟಾನೇ ತಗೊಳ್ಳಿ ಅನ್ನೋದು ನನ್ನ ಸಲಹೆ, ಯಾಕೆ ಅಂತ ಮುಂದೆ ಹೇಳ್ತೀನಿ. ಅಡುಗೆಮನೆಗೆ ಬೇಕಾದ್ರೆ ಹೋಗಿ ನೋಡಬಹುದು, ಗಿರಾಕಿಗಳಿಗೆ ಹಾಗೆ ಬಾಗಿಲು ತೆರೆದಿಟ್ಟಿರೋ ಜಾಗ ಇದು, ಆಸ್ಪತ್ರೆಯಿಂದ ಬಂದೋರಿಗೆ ಎಲ್ಲಾದ್ರಲ್ಲೂ ಇನ್ಫೆಕ್ಷನ್ ಭಯ ಇರುತ್ತಲ್ಲ, ಅಂಥೋರಿಗೆ ಅದೊಂದು ಸಮಾಧಾನ. ಮಧ್ಯಾಹ್ನ ಒಂದು ಹೊತ್ತು, ರಾತ್ರಿ ಒಂದು ಹೊತ್ತು, ನಡುವೆ ಬಾಗಿಲು ಹಾಕ್ತಾರೆ. ಇದನ್ನ ಎಷ್ಟೋ ಜನ ಕಂಪ್ಲೇಂಟ್ ಥರ ಹೇಳ್ತಾರೆ, ನನಗೆ ಮಾತ್ರ ಅದೇ ಬೇಕಾಗಿತ್ತು. ದಿನವಿಡೀ ತೆಗೆದಿರೋ ಹೋಟ್ಲಾದ್ರೆ ಆಮೇಲೆ ಹೋದ್ರಾಯ್ತು, ಇನ್ನೊಂದರ್ಧ ಗಂಟೆ ಬಿಟ್ಟು ಹೋದ್ರಾಯ್ತು ಅಂತ ಸಾಯಂಕಾಲವೇ ಆಗಿಬಿಡುತ್ತೆ. ಇಲ್ಲಿ ಆ ಹೊತ್ತು ತಪ್ಪಿದ್ರೆ ಊಟ ಇಲ್ಲ. ಹಾಗಾಗಿ ದಿನಕ್ಕೆ ಒಂದು ಮೊಳೆ ಹೊಡೆದ ಹಾಗಾಯ್ತು, ಮಿಕ್ಕ ಕೆಲಸ ಎಲ್ಲಾ ಆ ಮೊಳೆಗೇ ನೇತು ಹಾಕ್ಕೊಂಡೆ.

ಈಗ ಊಟ. ಗೊತ್ತಿಲ್ದೋರ ಪಕ್ಕದಲ್ಲಿ ಕೂರಿಸ್ತಾರೆ, ಅಕ್ಕಪಕ್ಕ ಯಾರು ಅಂತ ನೋಡೋಕೂ ಹೋಗ್ಬೇಕಾಗಿಲ್ಲ. ಎಲೆ ಬರುತ್ತೆ, ನೀರು ಚಿಮುಕಿಸಿ ಒರೆಸ್ಕೋತೀರ, ಆ ಒಂದು ಕೆಲಸ ಕೈಗೆ ಎಷ್ಟು ರೂಢಿ ಆಗಿರುತ್ತೆ ಅಂದ್ರೆ ಮನಸ್ಸು ಎಲ್ಲೇ ಇದ್ರೂ ಕೈ ಮಾಡಿಬಿಡುತ್ತೆ. ಉಪ್ಪಿನಕಾಯಿ, ಪಲ್ಯ, ಕೂಟು, ಹಪ್ಪಳ ಒಂದೊಂದಾಗಿ ಬೀಳುತ್ತೆ, ಪೂರಿನೋ ಚಪಾತಿನೋ ಅಂತ ಒಂದೇ ಒಂದು ಪ್ರಶ್ನೆ ಕೇಳ್ತಾರೆ, ಇಡೀ ಊಟದಲ್ಲಿ ನೀವು ಯೋಚನೆ ಮಾಡಬೇಕಾಗಿರೋದು ಅಷ್ಟೇ. ಆಮೇಲೆ ಅನ್ನ, ಸಾಂಬಾರು, ಸಾರು, ಕೊನೇಲಿ ಮೊಸರು, ಮಜ್ಜಿಗೆ. ನಮ್ಮ ತುಮಕೂರು ಕಡೆ ಸಾರಿಗೂ ಉಡುಪಿ ಸಾರಿಗೂ ಅಜಗಜಾಂತರ, ನಮ್ಮದು ಖಾರ ಜಾಸ್ತಿ, ಇವ್ರದ್ದು ತಿಳಿಯಾಗಿ ಒಂಚೂರು ಸಿಹಿ ಮುಂದು. ಬೇರೆ ದಿನ ಆಗಿದ್ರೆ ನಾನು ಅದಕ್ಕೆ ತಕರಾರು ತೆಗೀತಿದ್ದೆ, ಆದ್ರೆ ಚಾ ಕುಡ್ದೂ ಕುಡ್ದೂ ಉರೀತಿರೋ ಹೊಟ್ಟೆಗೆ ಆ ಬಿಸಿ ಸಾರು ಅನ್ನ ಇಳಿಯೋವಾಗ ಹಿತವಾಗಿರುತ್ತೆ, ಸಾರು ಒಂದು ಲೋಟದಲ್ಲಿ ಹಾಕಿಸ್ಕೊಂಡು ಕುಡಿದ್ರೆ ಇನ್ನೂ ಹಿತ.

ಎಲೆ ಊಟಾನೇ ತಗೊಳ್ಳಿ ಅಂದೆನಲ್ಲ, ಕಾರಣ ಬಡಿಸೋರು. ಬಕೆಟ್ ಹಿಡ್ಕೊಂಡು ಸಾಲಲ್ಲಿ ಬರ್ತಾನೇ ಇರ್ತಾರೆ, ಎಲೆ ನೋಡ್ತಾರೆ, ಅನ್ನ ಖಾಲಿ ಆಗಿದ್ರೆ ಕೇಳ್ತಾರೆ. ಆ ತಿಂಗಳುಗಳಲ್ಲಿ ನಾನೇ ಎಲ್ರಿಗೂ ಕೇಳ್ತಿದ್ದೆ, ಮಾತ್ರೆ ತಗೊಂಡ್ಯಾ, ನೀರು ಕುಡಿದ್ಯಾ, ನೋವು ಎಷ್ಟಿದೆ, ಸ್ಕೂಲ್ ಡೈರಿ ತೋರಿಸು. ನನ್ನ ಎಲೆ ನೋಡಿ ಇನ್ನೊಂಚೂರು ಹಾಕ್ಲಾ ಅಂತ ಒಬ್ರು ಕೇಳಿದ್ರೆ, ಅದು ಅವ್ರ ಕೆಲಸಾನೇ ಇರಬಹುದು, ದಿನಕ್ಕೆ ನೂರಾರು ಜನಕ್ಕೆ ಹಾಗೆ ಕೇಳ್ತಾರೆ, ಆದ್ರೂ ಕೇಳಿಸ್ಕೊಂಡವ್ರಿಗೆ ಅದು ತಟ್ಟುತ್ತೆ. ಮನೇಲಿ ನೀವೇ ಮಾಡ್ಕೊಂಡು ನೀವೇ ಬಡಿಸ್ಕೊಂಡು ತಿನ್ನೋ ಊಟದಲ್ಲಿ ಇದು ಸಿಗಲ್ಲ, ಆನ್‌ಲೈನಲ್ಲಿ ತರಿಸೋ ಡಬ್ಬೀಲಂತೂ ಇಲ್ವೇ ಇಲ್ಲ. ಆ ಆ್ಯಪ್ ತೆಗೆದ್ರೆ ಮುನ್ನೂರು ಥರ ತಿಂಡಿ ಕಣ್ಮುಂದೆ ಬಂದು ಯಾವುದು ತಗೊಳ್ಳೋದು ಅಂತ ಇಪ್ಪತ್ತು ನಿಮಿಷ ನೋಡಿ ಮುಚ್ಚಿಡೋದೇ ಆಗುತ್ತೆ, ಮನಸ್ಸು ಸುಸ್ತಾಗಿರೋ ದಿನ ಆರಿಸೋದೇ ಎಲ್ಲಕ್ಕಿಂತ ದೊಡ್ಡ ಕೆಲಸ.

ಹೊಟ್ಟೆಗೂ ಮನಸ್ಸಿಗೂ ಇರೋ ಸಂಬಂಧ ನಾವು ಅಂದ್ಕೊಂಡಿದ್ದಕ್ಕಿಂತ ನೇರ. ಬೆಳಿಗ್ಗೆಯಿಂದ ಏನೂ ತಿನ್ನದೆ ಮೇಲಿಂದ ಮೇಲೆ ಚಾ ಕಾಫಿ ಬಿದ್ರೆ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಬೆವರುತ್ತೆ, ಸಣ್ಣದಕ್ಕೆಲ್ಲಾ ಸಿಟ್ಟು ಬರುತ್ತೆ. ಗಾಬರಿ ಆದಾಗಲೂ ಮೈಗೆ ಆಗೋದು ಇದೇ. ಹಾಗಾಗಿ ಡಾಕ್ಟ್ರು ಕರೆದಾಗ ಆಗೋ ಆತಂಕ ಯಾವುದು, ಖಾಲಿ ಹೊಟ್ಟೆ ನಡುಕ ಯಾವುದು ಅಂತ ಗೊತ್ತಾಗಲ್ಲ, ಎರಡೂ ಸೇರಿ ದೊಡ್ಡದಾಗಿ ಕಾಣುತ್ತೆ. ಊಟ ಮಾಡಿದ್ರೆ ಅಪ್ಪನ ರಿಪೋರ್ಟ್ ಬದಲಾಗಲ್ಲ ನಿಜ, ಆದ್ರೆ ರಿಪೋರ್ಟ್ ಕೈಗೆ ಬಂದಾಗ ಓದಿ, ಏನು ಕೇಳ್ಬೇಕೋ ಅದನ್ನ ಕೇಳೋವಷ್ಟು ತಲೆ ನೆಟ್ಟಗಿರುತ್ತೆ.

ಊಟ ಆದ್ಮೇಲೆ ಟೈಮಿದ್ರೆ ಅಲ್ಲಿಂದ ಫೈವ್ ಗಾರ್ಡನ್ಸ್ ಕಡೆ ನಡೀರಿ, ಈ ರಿವ್ಯೂನಲ್ಲಿ ಅದನ್ನೂ ಸೇರಿಸ್ಕೊಂಡೇ ಹೇಳ್ತಿದೀನಿ. ದಾದರ್ ಪಾರ್ಸಿ ಕಾಲನಿಗೆ ಹೊಂದ್ಕೊಂಡಿರೋ ಐದು ತೋಟಗಳು, ಹಳೇ ದೊಡ್ಡ ಮರಗಳು, ಮಧ್ಯಾಹ್ನ ಎರಡಕ್ಕೂ ಫುಟ್‌ಪಾತ್ ಮೇಲೆ ನೆರಳು. ಮುಂಬೈಲಿ ಹಾರ್ನ್ ಅಷ್ಟಾಗಿ ಕೇಳಿಸ್ದೆ ಇರೋ ಜಾಗ ಸಿಗೋದೇ ಕಮ್ಮಿ. ವಾರಕ್ಕೆ 150 ನಿಮಿಷ ಸ್ವಲ್ಪ ಬೀಸಾಗಿ ನಡೀರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆ ಲೆಕ್ಕ ಎಲ್ಲಾ ಆರಾಮಾಗಿರೋ ದಿನಗಳಿಗೆ ಇಟ್ಕೊಳ್ಳಿ, ಕಷ್ಟದ ದಿನಗಳಲ್ಲಿ ಹತ್ತು ನಿಮಿಷ ನಡೆದ್ರೂ ನಡೆದ ಹಾಗೇ. ಒಬ್ಬ ಕೌನ್ಸೆಲರ್ ಹತ್ರ ಹೋಗಿದ್ದಾಗ ಅವ್ರು ಒಂದು ಮಾತು ವಿವರಿಸಿ ಹೇಳಿದ್ರು. ಮನಸ್ಸು ಸರಿ ಹೋಗ್ಲಿ ಆಮೇಲೆ ನಡೀತೀನಿ, ಆಮೇಲೆ ಸ್ನಾನ ಮಾಡ್ತೀನಿ, ಆಮೇಲೆ ತಿಂತೀನಿ ಅಂತ ಕಾಯ್ತಾ ಕೂತ್ರೆ ಮನಸ್ಸು ಇನ್ನೂ ಕೆಳಗೇ ಹೋಗುತ್ತೆ, ಮನಸ್ಸಿಲ್ದೆ ಇದ್ರೂ ಸಣ್ಣ ಕೆಲಸ ಒಂದನ್ನ ಗೊತ್ತಾದ ಹೊತ್ತಿಗೆ ಮಾಡಿಬಿಟ್ರೆ ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ ಅಂತ. ಡಿಪ್ರೆಶನ್ನಿಗೆ ಕೊಡೋ ಚಿಕಿತ್ಸೆಗಳಲ್ಲಿ ಇದೂ ಒಂದು, ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು. ನಮ್ಮಜ್ಜಿ ಯಾರಾದ್ರೂ ಮುಖ ಸಪ್ಪೆ ಮಾಡ್ಕೊಂಡು ಕೂತಿದ್ರೆ ಎದ್ದು ಮುಖ ತೊಳ್ಕೊಂಡು ದೀಪ ಹಚ್ಚು ಅಂತಿದ್ರು, ಬಹುಶಃ ಅವ್ರಿಗೂ ಇದು ಗೊತ್ತಿತ್ತು.

ಇನ್ನು ಹೂವು. ಮಾಟುಂಗಾ ಮಾರ್ಕೆಟ್ಟಲ್ಲಿ ನಮ್ಮ ಕಡೆ ಥರಾನೇ ಕಟ್ಟಿದ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಸಿಗುತ್ತೆ. ಬೋರ್ಡಿಂಗಿಂದ ವಾಪಸ್ ಸ್ಟೇಷನ್ನಿಗೆ ಹೋಗೋವಾಗ ನಾನು ಒಂದು ಮೊಳ ತಗೊಂಡು ಮುಡ್ಕೊಂಡು ಹೋಗ್ತಿದ್ದೆ. ನೋಡೋಕೆ ಬಂದ ನೆಂಟರೊಬ್ರು, ಅಪ್ಪ ಹಿಂಗಿರೋವಾಗ ಹೂವೆಲ್ಲಾ ಬೇಕಾ ಅಂತ ನನ್ನ ಅತ್ತಿಗೆ ಹತ್ರ ಅಂದ್ರಂತೆ. ಅದಕ್ಕೆ ನನ್ನ ಉತ್ತರ ಇಷ್ಟೇ. ಅಪ್ಪಂಗೆ ಮಾತಾಡೋಕಾಗ್ತಿರ್ಲಿಲ್ಲ, ಊಟದ ರುಚಿ ಹೋಗಿತ್ತು, ಆದ್ರೆ ನಾನು ಬಗ್ಗಿ ದಿಂಬು ಸರಿ ಮಾಡೋವಾಗ ಹೂವಿನ ವಾಸನೆ ಬಂದ್ರೆ ಮುಖ ಅರಳ್ತಿತ್ತು, ಚೀಟೀಲಿ "ಮೈಸೂರು ಮಲ್ಲಿಗೆನಾ?" ಅಂತ ಬರೆದು ತೋರಿಸಿದ್ರು ಒಂದಿನ. ಮನೇಲಿ ಕಷ್ಟ ಇರೋವಾಗ ಹೆಣ್ಮಕ್ಕಳು ತಲೆ ಬಾಚ್ಕೊಳ್ಳೋದು, ಒಗೆದ ಬಟ್ಟೆ ಹಾಕ್ಕೊಳ್ಳೋದು, ಹೂ ಮುಡಿಯೋದು ಇದನ್ನೆಲ್ಲಾ ಯಾರಾದ್ರೂ ಪ್ರೀತಿ ಕಮ್ಮಿ ಇರೋದಕ್ಕೆ ಸಾಕ್ಷಿ ಅಂತ ತಿಳ್ಕೊಂಡ್ರೆ ಅದು ಅವ್ರ ಸಮಸ್ಯೆ. ಮುಡ್ಕೊಳ್ಳಿ. ಗಂಡಸರಾದ್ರೆ ಶೇವ್ ಮಾಡ್ಕೊಳ್ಳಿ, ಇಸ್ತ್ರಿ ಅಂಗಿ ಹಾಕ್ಕೊಳ್ಳಿ, ಆ ಕುಂದಾಪುರದವ್ರು ಒಂದಿನಾನೂ ಗಡ್ಡ ಬಿಟ್ಕೊಂಡು ಬಂದಿದ್ದು ನಾನು ನೋಡಿಲ್ಲ.

ಕಾಫಿ ಬಗ್ಗೆ ಒಂದು ಎಚ್ಚರಿಕೆ, ಮಾಟುಂಗಾಗೆ ಬಂದು ಫಿಲ್ಟರ್ ಕಾಫಿ ಕುಡೀಬೇಡಿ ಅಂತ ಹೇಳೋಕೆ ನನಗೇ ಬಾಯಿ ಬರಲ್ಲ. ಕಿಂಗ್ಸ್ ಸರ್ಕಲ್ ಕಡೆ ಹೋದ್ರೆ ಕೆಫೆ ಮದ್ರಾಸ್ ಇದೆ, ಸ್ಟೇಷನ್ ಕಡೆ ರಾಮಾಶ್ರಯ ಇದೆ, ಎರಡೂ ಕಡೆ ಕಾಫಿ ಚೆನ್ನಾಗಿರುತ್ತೆ. ಆದ್ರೆ ನಾವು ಕುಡಿದ ಕೆಫೀನಲ್ಲಿ ಅರ್ಧ ಮೈಯಿಂದ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಇನ್ನರ್ಧ ಆಮೇಲೂ ಉಳ್ಕೊಂಡಿರುತ್ತೆ. ಸಾಯಂಕಾಲ ಆರಕ್ಕೆ ಕುಡಿದಿದ್ದು ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡ್ತಿರುತ್ತೆ, ನಿದ್ದೆ ಬರ್ದೆ ಮೊಬೈಲ್ ಹಿಡ್ಕೊಂಡು ಕಾಯಿಲೆ ಹೆಸರು ಹುಡುಕ್ತಾ ಕೂರೋ ರಾತ್ರಿಗಳು ಅಲ್ಲಿಂದಾನೇ ಶುರುವಾಗೋದು. ನಾನು ಊಟ ಆದ ತಕ್ಷಣ ಒಂದು ಕಾಫಿ, ಅವತ್ತಿಗೆ ಅದೇ ಕೊನೆ ಅಂತ ಮಾಡ್ಕೊಂಡೆ. ಪೂರ್ತಿ ಬಿಡೋಕೆ ಹೋಗ್ಲಿಲ್ಲ, ಕಷ್ಟದಲ್ಲಿರೋವಾಗ ಇರೋ ಒಂದು ಸುಖಾನೂ ಕಿತ್ಕೊಳ್ಳೋದು ಯಾವ ಆರೈಕೆ?

ಫೋನಿನ ಕಾಟಕ್ಕೂ ಇದೇ ಊಟದ ಹೊತ್ತು ಸಹಾಯ ಮಾಡ್ತು. ಊರಿಂದ ನೆಂಟರು ಒಬ್ಬೊಬ್ರಾಗಿ ಫೋನ್ ಮಾಡಿ ಒಂದೇ ವಿಷಯ ಕೇಳ್ತಾರೆ, ಹೇಳಿದ್ದನ್ನೇ ಹೇಳಿ ಹೇಳಿ ಪ್ರತಿಸಲಾನೂ ಅದೇ ಸಂಕಟ, ಫ್ಯಾಮಿಲಿ ಗ್ರೂಪಲ್ಲಿ ಯಾವ್ಯಾವುದೋ ಎಲೆ ಬೇರು ಕಷಾಯದ ವಿಡಿಯೋ. ಎಲ್ಲಾ ಪ್ರೀತಿಯಿಂದಾನೇ ಕಳಿಸೋದು, ಅದು ಗೊತ್ತು. ನಾನು ಅತ್ತಿಗೆ ಹತ್ರ ಮಾತಾಡಿ, ದಿನಾ ಸಾಯಂಕಾಲ ನಿಮಗೊಬ್ರಿಗೇ ಹೇಳ್ತೀನಿ ಅತ್ತಿಗೆ, ಮಿಕ್ಕೋರಿಗೆಲ್ಲಾ ನೀವೇ ಹೇಳ್ಬಿಡಿ ಅಂದೆ. ಅವ್ರು ಆಯ್ತು ಬಿಡಮ್ಮ ಅಂತ ಎಲ್ಲಾ ವಹಿಸ್ಕೊಂಡ್ರು. ಊಟದ ಹೊತ್ತಲ್ಲಿ ಫೋನ್ ಬರೀ ಆ ಕುಂದಾಪುರದವ್ರ ನಂಬರಿಗೆ ಮಾತ್ರ, ಬೇರೆ ಯಾರದ್ದೂ ಎತ್ತುತ್ತಿರ್ಲಿಲ್ಲ. ನಿಮ್ಮ ಮನೇಲೂ ಇಂಥ ಒಬ್ರು ಇರ್ತಾರೆ, ದೂರ ಇರೋದ್ರಿಂದ ಏನೂ ಮಾಡೋಕಾಗ್ತಿಲ್ವಲ್ಲ ಅಂತ ಕೊರಗ್ತಿರ್ತಾರೆ, ಅವ್ರಿಗೆ ಈ ಕೆಲಸ ಕೊಟ್ರೆ ಅವ್ರಿಗೂ ಒಳ್ಳೇದು.

ಇನ್ನೊಂದು ಹೇಳೋದು ಮರೀಬಾರ್ದು, ಕನ್ನಡ ಕಿವಿಗೆ ಬೀಳೋದು. ಡೊಂಬಿವ್ಲೀಲಿ ದಿನವಿಡೀ ಮರಾಠಿ, ಆಸ್ಪತ್ರೇಲಿ ಹಿಂದಿ, ಡಾಕ್ಟ್ರ ಹತ್ರ ಇಂಗ್ಲಿಷು, ಮೂರಲ್ಲೂ ನಾನು ಮಾತಾಡ್ತೀನಿ, ಆದ್ರೆ ಎದೇಲಿರೋದನ್ನ ಹೇಳೋಕೆ ಆಗಲ್ಲ. ಮಾಟುಂಗಾ ಬೀದೀಲಿ ತುಳು, ಕೊಂಕಣಿ, ತಮಿಳು, ಕನ್ನಡ ಎಲ್ಲಾ ಒಟ್ಟಿಗೆ ಕೇಳಿಸುತ್ತೆ, ಪಕ್ಕದ ಎಲೆಯವ್ರು ಊರಿನ ಮಳೆ ಬಗ್ಗೆ ಮಾತಾಡ್ತಿರ್ತಾರೆ, ಅದರಲ್ಲಿ ನೀವು ಸೇರ್ಕೊಳ್ಳದೆ ಇದ್ರೂ ಪರವಾಗಿಲ್ಲ. ಅಲ್ಲೇ ಭಾವು ದಾಜಿ ರಸ್ತೇಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ, ನಾಟಕ, ಉಪನ್ಯಾಸ ಇದ್ದಾಗ ಹೋಗಿ ಹಿಂದಿನ ಸಾಲಲ್ಲಿ ಒಂದು ಗಂಟೆ ಕೂತು ಬನ್ನಿ. ನಾನು ಅಪ್ಪನ ಟ್ರೀಟ್‌ಮೆಂಟ್ ಮುಗಿದು ಅವ್ರು ಊರಿಗೆ ಹೋದ್ಮೇಲೂ ಹೋಗ್ತಿದೀನಿ. ಅಪ್ಪ ಈಗ ಗಂಜಿ ಬಿಟ್ಟು ಮುದ್ದೆ ನುಂಗೋವಷ್ಟು ಆಗಿದಾರೆ, ಚೆಕಪ್ಪಿಗೆ ಬಂದಾಗ ಮಾಟುಂಗಾಗೆ ಕರ್ಕೊಂಡು ಹೋಗು ಅಂತ ಅವ್ರೇ ಕೇಳ್ತಾರೆ.

ಎಲ್ರಿಗೂ ಈ ಜಾಗ ಹೊಂದುತ್ತೆ ಅಂತ ಹೇಳಲ್ಲ. ಮೆಟ್ಟಿಲು ಹತ್ತಬೇಕು, ಮಂಡಿನೋವಿನವ್ರಿಗೆ ಕಷ್ಟ. ಭಾನುವಾರ, ಹಬ್ಬದ ದಿನ ಕಾಯೋದು ತುಂಬಾ ಇರುತ್ತೆ, ಮನಸ್ಸು ಕೆಟ್ಟಿರೋವಾಗ ಆ ನೂಕುನುಗ್ಗಲು ಬೇಡ, ವಾರದ ದಿನ ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಎದುರಿಗೆ ಕಾಯ್ತಿರೋರು ಇರ್ತಾರೆ, ಊಟ ಮುಗಿದ್ಮೇಲೆ ಹರಟೆ ಹೊಡೀತಾ ಕೂರೋ ಹಾಗಿಲ್ಲ, ಯಾರ ಜೊತೆಗಾದ್ರೂ ಕೂತು ಅತ್ತು ಹಗುರಾಗ್ಬೇಕು ಅನ್ನಿಸಿದ್ರೆ ತೋಟದ ಬೆಂಚೇ ಸರಿ. ಕೀಮೋ ನಡೀತಿರೋ ಪೇಷಂಟನ್ನ ಜೊತೇಲಿ ಕರ್ಕೊಂಡು ಹೋಗೋ ಮುಂಚೆ ಡಾಕ್ಟ್ರನ್ನ ಕೇಳಿ, ಬಿಳಿ ರಕ್ತಕಣ ಕಮ್ಮಿ ಇರೋ ಸಮಯದಲ್ಲಿ ಜನಜಂಗುಳಿ, ಹೊರಗಿನ ಊಟ ಎರಡೂ ಬೇಡ ಅಂತಾರೆ, ಎಷ್ಟೇ ಶುಚಿಯಾದ ಜಾಗ ಆದ್ರೂ.

ಮತ್ತೆ, ಊಟ ನಡಿಗೆ ನಿದ್ದೆ ಇವೆಲ್ಲಾ ಒಂದು ಮಟ್ಟದವರೆಗೆ ಮಾತ್ರ. ಎರಡು ವಾರಕ್ಕೂ ಮೇಲೆ ದಿನದ ಬಹುಪಾಲು ಹೊತ್ತು ಮನಸ್ಸು ಮೇಲೇಳ್ತಾನೇ ಇಲ್ಲ, ಇಷ್ಟ ಆಗ್ತಿದ್ದಿದ್ದು ಯಾವುದೂ ಬೇಡ ಅನ್ನಿಸ್ತಿದೆ, ನಿದ್ದೆ ಹಸಿವು ಕೆಟ್ಟಿದೆ ಅಂದ್ರೆ 14416ಕ್ಕೆ ಫೋನ್ ಮಾಡಿ. ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಎರಡು ವಾರ ಅಲ್ಲ, ಎರಡು ಗಂಟೆನೂ ಕಾಯ್ಬೇಡಿ, ತಕ್ಷಣ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆ ಇರುತ್ತೆ, ದುಡ್ಡಿಲ್ಲ, ಭಾಷೆ ಆರಿಸ್ಕೋಬಹುದು, ಕನ್ನಡಾನೂ ಇದೆ. ಮುಂಬೈಲಿದ್ರೂ ಪುಣೇಲಿದ್ರೂ ಅದೇ ನಂಬರ್. ಆಸ್ಪತ್ರೇಲಿ ಪೇಷಂಟ್ ಜೊತೆಗಿರೋರು ಇದು ನಮಗಲ್ಲ, ಕಾಯಿಲೆ ಇರೋರಿಗೆ ಅಂದ್ಕೋತಾರೆ, ನಿಮಗೂ ಇದೆ.

ಕೊನೇದಾಗಿ, ಸೋಮವಾರ ಬೋರ್ಡಿಂಗಿಗೆ ರಜೆ, ಆಸ್ಪತ್ರೆಗೆ ರಜೆ ಇಲ್ಲ. ಅವತ್ತಿಗೆ ನನ್ನ ಏರ್ಪಾಡು ಮೊಸರನ್ನದ ಡಬ್ಬಿ. ಬೆಳಿಗ್ಗೆ ಮಾಡಿದ ಮೊಸರನ್ನ ಲೋಕಲ್ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಹುಳಿ ಆಗಿಬಿಡುತ್ತೆ, ಅದಕ್ಕೆ ಅನ್ನ ಸ್ವಲ್ಪ ಮೆತ್ತಗೆ ಮಾಡಿ, ಬಿಸಿ ಇರೋವಾಗ್ಲೇ ಚೆನ್ನಾಗಿ ಕಿವುಚಿ, ಕಾಯಿಸಿದ ಹಾಲು ಧಾರಾಳವಾಗಿ ಹಾಕಿ, ಉಗುರುಬೆಚ್ಚಗಾದ ಮೇಲೆ ಒಂದೇ ಒಂದು ಚಮಚ ಮೊಸರು ಬೆರೆಸಿ ಡಬ್ಬಿ ಮುಚ್ಚಿ. ಪರೇಲಲ್ಲಿ ತೆಗೆಯೋ ಹೊತ್ತಿಗೆ ಹದವಾಗಿ ಮೊಸರಾಗಿರುತ್ತೆ, ಹುಳಿ ಇರಲ್ಲ. ಉಪ್ಪು ತಿನ್ನೋವಾಗ ಹಾಕ್ಕೊಳ್ಳಿ. ಒಗ್ಗರಣೆ, ಶುಂಠಿ, ಹಸಿಮೆಣಸಿನಕಾಯಿ ನಿಮಗೆ ಬೇಕಿದ್ರೆ ಬೇರೆ ಸಣ್ಣ ಡಬ್ಬೀಲಿ ಇಟ್ಕೊಳ್ಳಿ, ಗಂಟಲು ಸುಟ್ಟಿರೋ ಪೇಷಂಟಿಗೆ ಖಾರ ತಾಗಬಾರದು, ಅವ್ರಿಗೆ ಇನ್ನೊಂಚೂರು ಹಾಲು ಹಾಕಿ ತೆಳ್ಳಗೆ ಮಾಡಿ ಕೊಡಿ, ಅದೇ ಡಬ್ಬೀಲಿ ಇಬ್ರ ಊಟಾನೂ ಆಗುತ್ತೆ.